ಪರಿಮಳದ ಸ್ವರ, ಪರಿಮಳದ ಮೂಲ

ಕಳೆದ ಚೈತ್ರಮಾಸದಲ್ಲಿ, ದವನದ ಹುಣ್ಣಿವೆಗೆ ಎರಡು ದಿನವಿರುವಾಗ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮ ಕಿರಿಯ ಮಗಳು ಕುಂದಗೋಳದ ಮನೆಗೆ ಬಂದವಳು ತನ್ನ ತಾಯಿಗೆಂದು ಒಂದು ಗಾಜಿನ ಬಟ್ಟಲನ್ನು ತಂದಿದ್ದಳು. ಬಟ್ಟಲಿನ ತುಂಬ ಬಿಳಿಯ ಮೇಣ, ನಡುವೆ ಒಂದು ಬತ್ತಿ. ಹೊರಗೆ ಅಂಟಿಸಿದ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ‘ಮೊದಲ ಮಳೆ’ ಎಂಬ ಹೆಸರು. ಅದರ ಕೆಳಗೆ ಮೂರು ಸಾಲು. ಮೇಲಿನ ಸ್ವರ ನಿಂಬೆ, ನಡುವಣ ಸ್ವರ ಮಲ್ಲಿಗೆ, ತಳದ ಸ್ವರ ಶ್ರೀಗಂಧ ಮತ್ತು ಒದ್ದೆ ಮಣ್ಣು ಎಂದು ಅದರ ಅರ್ಥ.

“ಅಪ್ಪಾ, ಇದರಾಗ ಹೊಗಿ ಇಲ್ಲ. ಅವ್ವಗ ತ್ರಾಸ ಆಗೂದಿಲ್ಲ. ದೇವರ ಮನ್ಯಾಗ ಇದನ್ನ ಹಚ್ಚರಿ” ಎಂದಳು.

ಈ ಮಾತಿಗೆ ಹಿನ್ನೆಲೆಯುಂಟು. ನಮ್ಮ ಧರ್ಮಪತ್ನಿಗೆ ಮೂರು ವರ್ಷಗಳಿಂದ ಉಬ್ಬಸ. ಬೆಳಗಿನ ಜಾವ ಅವರ ಎದೆಯಲ್ಲಿ ಸಿಳ್ಳೆಯಂತಹ ಸದ್ದು ಏಳುತ್ತದೆ. ಹುಬ್ಬಳ್ಳಿಯ ವೈದ್ಯರು ಪರೀಕ್ಷಿಸಿ, ಔಷಧಿ ಬರೆದುಕೊಟ್ಟು, ಮನೆಯಲ್ಲಿ ಹೊಗೆಯಾಡುವ ವಸ್ತು ಏನೇನಿದೆ ಎಂದು ಕೇಳಿದರು. ಒಲೆ ಹೋಗಿ ಗ್ಯಾಸು ಬಂದು ಎಷ್ಟೋ ಕಾಲವಾಯಿತೆಂದೆವು. ಊದಿನಕಡ್ಡಿಯ ಮಾತನ್ನು ನಾವು ಎತ್ತಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಆಕೆಯೇ ಹೇಳಿದರು. ಬಾಲ್ಯದಲ್ಲಿ ಮಠದಲ್ಲಿ ಸಂಸ್ಕೃತಾಭ್ಯಾಸ ಮಾಡಿದಂದಿನಿಂದ ಎರಡು ಹೊತ್ತು ಇಷ್ಟಲಿಂಗಪೂಜೆಯ ವೇಳೆ ಧೂಪವಿಲ್ಲದೆ ಕುಳಿತವರಲ್ಲ ನಾವು. ಕಿಟಕಿಯಿಲ್ಲದ ದೇವರ ಕೋಣೆಯಲ್ಲಿ, ಕದ ಮುಚ್ಚಿಕೊಂಡು, ಒಮ್ಮೆಗೆ ನಾಲ್ಕು ಕಡ್ಡಿ ಹಚ್ಚುವುದು ನಮ್ಮ ರೂಢಿ. ವೈದ್ಯರು ಬಿಡಿರೆಂದರು. ನಾವು ಬಿಡಲಿಲ್ಲ. ನಾಲ್ಕಿದ್ದುದನ್ನು ಎರಡಕ್ಕೆ ಇಳಿಸಿದೆವು, ಅಷ್ಟೆ. ಈ ತಪ್ಪನ್ನು ಇಲ್ಲಿ ಮರೆಮಾಚುವುದರಿಂದ ಪ್ರಯೋಜನವಿಲ್ಲ.

ಹೀಗಾಗಿ ಮಗಳು ತಂದ ಬಟ್ಟಲು ನಮಗೆ ಕೊಡುಗೆಯೂ ಹೌದು, ಆಕ್ಷೇಪಣೆಯೂ ಹೌದು. ಅದನ್ನು ಹಚ್ಚುವ ಮೊದಲು ಆ ಮೂರು ಸಾಲುಗಳ ಅರ್ಥವನ್ನು ತಿಳಿಯಬೇಕೆಂದು ಹೊರಟೆವು. ತಿಳಿದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಈಗ ಎಲ್ಲ ಮನೆಗಳಿಗೂ ಮದುವೆ, ಗೃಹಪ್ರವೇಶಗಳ ಕಾಣಿಕೆಯಾಗಿ ಇಂತಹ ಮೇಣಬತ್ತಿಗಳು ಬರುತ್ತಿರುವುದರಿಂದ ಇದು ನಮ್ಮೊಬ್ಬರ ಮನೆಯ ವಿಷಯವಲ್ಲ.

ಮೊದಲು ‘ಸ್ವರ’ ಎಂಬ ಮಾತನ್ನೇ ನೋಡೋಣ. ಕುಂದಗೋಳದವರಿಗೆ ಸ್ವರವೆಂದರೆ ನಾಡಗೀರ ವಾಡೆಯೇ ನೆನಪಾಗುವುದು. ಸವಾಯಿ ಗಂಧರ್ವರು ಈ ಊರಿನವರು. ಭೀಮಸೇನ ಜೋಶಿಯವರು ಗುರುಸೇವೆ ಮಾಡಿ ಕಲಿತದ್ದು ಇಲ್ಲಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡದ್ದೂ ಇಲ್ಲಿಯೇ. ಪರಿಮಳಕ್ಕೂ ಸಂಗೀತಕ್ಕೂ ಗಂಟು ಹಾಕಿದವರಲ್ಲಿ ಹೆಸರಾದವನು ಲಂಡನ್ನಿನ ಸುಗಂಧ ವ್ಯಾಪಾರಿ ಸೆಪ್ಟಿಮಸ್ ಪೀಸ್. ತನ್ನ ಸುಗಂಧಕಲೆಯ ಗ್ರಂಥದಲ್ಲಿ ಅವನು ಒಂದೊಂದು ವಾಸನೆಗೆ ಒಂದೊಂದು ಸ್ವರಸ್ಥಾನವನ್ನು ಕೊಟ್ಟು ಪಟ್ಟಿ ಮಾಡಿದ. ಆ ಪಟ್ಟಿಯನ್ನು ಈಗ ಯಾರೂ ಅನುಸರಿಸುವುದಿಲ್ಲ, ಸ್ವರವೆಂಬ ಮಾತು ಮಾತ್ರ ಆ ಕಸುಬಿನಲ್ಲಿ ಉಳಿದಿದೆ.

ಇಂದಿನ ಅರ್ಥದಲ್ಲಿ ಸ್ವರವೆಂದರೆ ಆವಿಯಾಗುವ ವೇಗ. ಪರಿಮಳವೆಂಬುದು ವಸ್ತುವಿನಿಂದ ಬಿಡುಗಡೆಯಾಗಿ ಗಾಳಿಯಲ್ಲಿ ತೇಲಿ ಮೂಗನ್ನು ಮುಟ್ಟುವ ಅಣುಗಳ ಕೆಲಸ. ಹಗುರವಾದ ಅಣು ಬೇಗ ಹಾರುತ್ತದೆ, ಭಾರವಾದದ್ದು ತಡೆದು ಹೊರಡುತ್ತದೆ. ನಿಂಬೆಯ ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ದ್ರವ್ಯ ಸುಮಾರು ೧೭೬ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ಶ್ರೀಗಂಧದ ಸ್ಯಾಂಟಲಾಲ್ ಕುದಿಯಲು ೩೦೦ ಡಿಗ್ರಿಯ ಆಸುಪಾಸು ಬೇಕು. ಆದುದರಿಂದಲೇ ನಿಂಬೆ ಮೊದಲು ಬಂದು ಮೊದಲು ಹೋಗುತ್ತದೆ. ಅದು ಮೇಲಿನ ಸ್ವರ. ಹೂವುಗಳು ನಡುವಣವು. ಶ್ರೀಗಂಧ, ಲಾವಂಚದ ಬೇರು, ಅಗರು, ಲೋಬಾನ ಇವು ತಳದ ಸ್ವರಗಳು. ತಂಬೂರಿಯ ಶ್ರುತಿಯಂತೆ ಕೊನೆಯವರೆಗೂ ನಿಲ್ಲುತ್ತವೆ. ಪರೀಕ್ಷೆ ಮಾಡಬೇಕೆನ್ನುವವರು ಮನೆಯಲ್ಲಿಯೇ ಮಾಡಬಹುದು. ಒಂದು ಕಾಗದದ ತುಂಡಿಗೆ ನಿಂಬೆಯ ಸಿಪ್ಪೆಯನ್ನು ಹಿಂಡಿ, ಇನ್ನೊಂದಕ್ಕೆ ಸಾಣೆಕಲ್ಲಿನ ಗಂಧವನ್ನು ಬಳಿದಿಡಿ. ಊಟದ ಹೊತ್ತಿಗೆ ನಿಂಬೆ ಕಾಣೆಯಾಗಿರುತ್ತದೆ; ಗಂಧ ಮರುದಿನವೂ ಉಂಟು.

ಮೇಣಬತ್ತಿಯಲ್ಲಿ ನಡೆಯುವುದೂ ಇದೇ. ನೂರು ಭಾಗ ಮೇಣಕ್ಕೆ ಸಾಮಾನ್ಯವಾಗಿ ಆರರಿಂದ ಹತ್ತು ಭಾಗ ಸುಗಂಧತೈಲವನ್ನು ಕರಗಿಸಿ ಬೆರೆಸುತ್ತಾರೆ. ಹಚ್ಚದೆ ಮೂಸಿದರೆ ಮೇಲಿನ ಸ್ವರವೇ ಹೆಚ್ಚು. ಹಚ್ಚಿದ ಮೇಲೆ ಬತ್ತಿಯ ಸುತ್ತ ಮೇಣ ಕರಗಿ ಕೊಳವಾದಾಗ ಆ ಬಿಸಿಗೆ ನಡುವಣ ಮತ್ತು ತಳದ ಸ್ವರಗಳು ಏಳುತ್ತವೆ. ಅಂಗಡಿಯಲ್ಲಿ ಮುಚ್ಚಳ ತೆಗೆದು ಮೂಸಿ ಕೊಂಡವರಿಗೆ ಮನೆಯಲ್ಲಿ ಬೇರೆಯೇ ವಾಸನೆ ಬರುವುದಕ್ಕೆ ಕಾರಣ ಇದೇ.

ಇನ್ನು ಆ ‘ಒದ್ದೆ ಮಣ್ಣು’. ಇದನ್ನು ಓದಿ ನಾವು ಮೊದಲು ನಕ್ಕೆವು. ಎರೆಹೊಲದ ನಾಡಿನವರಿಗೆ ಮಣ್ಣಿನ ವಾಸನೆಯನ್ನು ಬಟ್ಟಲಿನಲ್ಲಿ ತಂದು ಮಾರುವುದೇ! ಬೇಸಿಗೆಯಲ್ಲಿ ಗೇಣುದ್ದ ಬಿರುಕು ಬಿಟ್ಟ ಕರಿ ನೆಲಕ್ಕೆ ಮುಂಗಾರಿನ ಮೊದಲ ಹನಿ ಬಿದ್ದಾಗ ಏಳುವ ಘಮವನ್ನು ಬಲ್ಲದವರು ಈ ಕಡೆ ಯಾರಿದ್ದಾರೆ? ಆದರೆ ಆ ಘಮದ ಕಾರಣವೇನೆಂದು ಯಾರಾದರೂ ಕೇಳಿದ್ದರೆ ನಾವು ಪೃಥ್ವಿಯ ಗುಣ ಗಂಧವೆಂಬ ತರ್ಕಶಾಸ್ತ್ರದ ಉತ್ತರವನ್ನು ಹೇಳಿ ಸುಮ್ಮನಾಗುತ್ತಿದ್ದೆವು.

ವಿಜ್ಞಾನಿಗಳು ಸುಮ್ಮನಾಗಲಿಲ್ಲ. ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬಿಬ್ಬರು ೧೯೬೪ರಲ್ಲಿ ಈ ಘಮಕ್ಕೆ ಪೆಟ್ರಿಕೋರ್ ಎಂಬ ಹೆಸರಿಟ್ಟರು. ಒಣ ದಿನಗಳಲ್ಲಿ ಕಲ್ಲುಮಣ್ಣುಗಳು ಹೀರಿಟ್ಟುಕೊಂಡ ಎಣ್ಣೆಯಂಶವು ಗಾಳಿಯಲ್ಲಿ ತೇವ ಹೆಚ್ಚಿದೊಡನೆ ಬಿಡುಗಡೆಯಾಗುತ್ತದೆಂದು ಅವರು ತೋರಿಸಿದರು. ೧೯೬೫ರಲ್ಲಿ ಅಮೆರಿಕದಲ್ಲಿ ಇನ್ನೊಂದು ದ್ರವ್ಯವನ್ನು ಗುರುತಿಸಲಾಯಿತು. ಅದರ ಹೆಸರು ಜಿಯೊಸ್ಮಿನ್. ನೆಲದಲ್ಲಿರುವ ಸ್ಟ್ರೆಪ್ಟೊಮೈಸಿಸ್ ಮುಂತಾದ ಸೂಕ್ಷ್ಮಜೀವಿಗಳು ಇದನ್ನು ತಯಾರಿಸುತ್ತವೆ. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗವಿದ್ದರೂ ಮನುಷ್ಯನ ಮೂಗು ಇದನ್ನು ಹಿಡಿಯಬಲ್ಲದು. ಹನಿ ನೆಲಕ್ಕೆ ಬಡಿದಾಗ ಅದರ ಕೆಳಗೆ ಸಿಕ್ಕಿದ ಗಾಳಿಯ ಗುಳ್ಳೆಗಳು ಮೇಲೆದ್ದು ಒಡೆದು ಕಣ್ಣಿಗೆ ಕಾಣದ ತುಂತುರನ್ನು ಚಿಮ್ಮಿಸುತ್ತವೆ, ವಾಸನೆ ಅದರ ಮೇಲೆ ಸವಾರಿ ಮಾಡುತ್ತದೆ ಎಂಬುದನ್ನು ೨೦೧೫ರಲ್ಲಿ ವೇಗದ ಛಾಯಾಗ್ರಹಣದಿಂದ ಕಂಡರು. ಬಿರುಸಾದ ಮಳೆಗಿಂತ ಹಗುರ ಮಳೆಯಲ್ಲಿಯೇ ಇದು ಹೆಚ್ಚಂತೆ. ನಮ್ಮ ರೈತರು ಇದನ್ನು ಯಂತ್ರವಿಲ್ಲದೆ ಬಲ್ಲರು.

ಆ ಜೀವಿಗಳು ವಾಸನೆಯನ್ನು ಏಕೆ ತಯಾರಿಸುತ್ತವೆ ಎಂಬ ಪ್ರಶ್ನೆಗೆ ೨೦೨೦ರಲ್ಲಿ ಒಂದು ಉತ್ತರ ದೊರೆಯಿತು. ಮಣ್ಣಿನಲ್ಲಿ ನೆಗೆದಾಡುವ ಸಣ್ಣ ಹುಳಗಳು ಆ ವಾಸನೆಗೆ ಬಂದು ಸೂಕ್ಷ್ಮಜೀವಿಯನ್ನು ತಿನ್ನುತ್ತವೆ, ಅದರ ಬೀಜಾಣುಗಳನ್ನು ಮೈಗೆ ಅಂಟಿಸಿಕೊಂಡು ಬೇರೆಡೆಗೆ ಒಯ್ಯುತ್ತವೆ. ಬಿತ್ತುವ ಕೆಲಸ ನಮ್ಮ ಹೊಲದಲ್ಲಿ ಕೂರಿಗೆ ಹೂಡುವ ಮೊದಲೇ ನಡೆದಿರುತ್ತದೆ ಎಂದಾಯಿತು.

ಬಟ್ಟಲಿನಲ್ಲಿ ಮಣ್ಣನ್ನು ಮಾರುವುದೂ ಹೊಸದೇನಲ್ಲ. ಉತ್ತರಪ್ರದೇಶದ ಕನೌಜಿನಲ್ಲಿ ಬಹುಕಾಲದಿಂದ ಮಣ್ಣಿನ ಅತ್ತರು ತಯಾರಾಗುತ್ತದೆ. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕುದಿಸಿ, ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಒಯ್ದು ಶ್ರೀಗಂಧದ ಎಣ್ಣೆಯಲ್ಲಿ ಇಳಿಸುತ್ತಾರೆ. ಆಸ್ಟ್ರೇಲಿಯಾದ ಆ ಇಬ್ಬರು ವಿಜ್ಞಾನಿಗಳೂ ತಮ್ಮ ಲೇಖನದಲ್ಲಿ ಈ ಅತ್ತರನ್ನು ಪ್ರಸ್ತಾಪಿಸಿದ್ದಾರೆ.

ಶ್ರೀಗಂಧದ ವಿಷಯಕ್ಕೆ ಬಂದರೆ ಕನ್ನಡಿಗರು ಸ್ವಲ್ಪ ನಿಧಾನಿಸಿ ಮಾತನಾಡಬೇಕು. ಗಂಧದ ನಾಡೆಂದು ಹಾಡುತ್ತೇವೆ, ಮರವೆಲ್ಲಿದೆ ಎಂದು ಕೇಳಿದರೆ ಸುಮ್ಮನಾಗುತ್ತೇವೆ. ಈ ಮರ ಅರೆಪರಾವಲಂಬಿ. ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ಬದುಕುತ್ತದೆ. ಎಣ್ಣೆಯಿರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅದು ಬಲಿಯಲು ಹತ್ತಾರು ವರ್ಷ ಬೇಕು. ಮೊದಲ ಮಹಾಯುದ್ಧದವರೆಗೆ ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಹಡಗೇರಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ೧೯೧೪ರಲ್ಲಿ ಯುದ್ಧ ಹತ್ತಿ ಆ ದಾರಿ ಮುಚ್ಚಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ ತಾನೇ ಎಣ್ಣೆ ತೆಗೆಯತೊಡಗಿತು. ಅದರ ಹಿಂದೆಯೇ ಬಂದುದು ಗಂಧದ ಸಾಬೂನು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು.

ಆದರೆ ಮರ ಮಾತ್ರ ಉಳಿಯಲಿಲ್ಲ. ಟಿಪ್ಪುವಿನ ಕಾಲದಿಂದ ಅದು ರಾಜವೃಕ್ಷ. ಸ್ವಂತ ಹೊಲದಲ್ಲಿ ಹುಟ್ಟಿದರೂ ಒಡೆತನ ಸರಕಾರದ್ದು. ಹೀಗಿರುವಾಗ ಸಸಿ ಕಂಡರೆ ರೈತ ಪೋಷಿಸಿಯಾನೆ? ಕಿತ್ತೊಗೆದು ನಿಶ್ಚಿಂತನಾಗುತ್ತಿದ್ದ. ೨೦೦೧ರಲ್ಲಿ ಕರ್ನಾಟಕದ ಕಾಯಿದೆಗೆ ತಿದ್ದುಪಡಿಯಾಗಿ ಭೂಮಿಯ ಒಡೆಯನಿಗೇ ಮರದ ಒಡೆತನ ಬಂದ ಮೇಲೆ ಕೆಲವರು ಬೆಳೆಸತೊಡಗಿದ್ದಾರೆ. ಕಳ್ಳರ ಭಯ ಇನ್ನೂ ಇದ್ದೇ ಇದೆ.

ಇಷ್ಟು ದುರ್ಲಭವಾದ ವಸ್ತು ಒಂದು ಮೇಣಬತ್ತಿಯಲ್ಲಿ, ಹತ್ತು ರೂಪಾಯಿಯ ಊದಿನಕಡ್ಡಿಯ ಕಟ್ಟಿನಲ್ಲಿ ಇರಲು ಸಾಧ್ಯವೇ ಎಂದು ಗೃಹಿಣಿಯರು ತಾವೇ ಲೆಕ್ಕ ಹಾಕಬಹುದು. ಅಲ್ಲಿರುವುದು ಬಹುಮಟ್ಟಿಗೆ ಪೈನ್ ಮರದ ಟರ್ಪೆಂಟೈನಿನಿಂದಲೋ ಬೇರೆ ಮೂಲದಿಂದಲೋ ಹೊರಟು ಕಾರಖಾನೆಯಲ್ಲಿ ಗಂಧದ ವಾಸನೆ ಪಡೆದ ದ್ರವ್ಯ. ಇದು ಮೋಸವೇ? ಚೀಟಿಯಲ್ಲಿ ಶುದ್ಧ ಶ್ರೀಗಂಧದ ಎಣ್ಣೆ ಎಂದು ಬರೆದಿದ್ದರೆ ಮೋಸ. ಶ್ರೀಗಂಧದ ‘ಸ್ವರ’ ಎಂದಿದ್ದರೆ ಮೋಸವಲ್ಲ. ಸ್ವರವೆಂಬುದು ಮೂಗಿಗೆ ತೋರುವ ಬಗೆ, ವಸ್ತುವಿನ ಪಟ್ಟಿಯಲ್ಲ. ನಮ್ಮ ಮನೆಯ ಬಟ್ಟಲಿನ ಚೀಟಿಯನ್ನು ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದಾಗ ಎಣ್ಣೆಯೆಂಬ ಮಾತು ಎಲ್ಲಿಯೂ ಕಾಣಲಿಲ್ಲ. ಬರೆದವರು ಜಾಣರು.

ಕೃತಕವೆಂದೊಡನೆ ಮೂಗು ಮುರಿಯುವವರಿಗೂ ಒಂದು ಮಾತು. ನಾವು ಮಂಗಳಾರತಿ ಬೆಳಗುವ ಕರ್ಪೂರ ಇಂದು ಬಹುಪಾಲು ಟರ್ಪೆಂಟೈನಿನಿಂದಲೇ ತಯಾರಾದದ್ದು. ಅದಕ್ಕೂ ಕರ್ಪೂರವೃಕ್ಷಕ್ಕೂ ಸಂಬಂಧವಿಲ್ಲ. ೧೮೭೪ರಲ್ಲಿ ಜರ್ಮನಿಯಲ್ಲಿ ವೆನಿಲ್ಲಾದ ಸಾರವನ್ನು ಕೃತಕವಾಗಿ ತಯಾರಿಸಿದರು. ೧೮೯೩ರಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆಯ ಸಿಟ್ರಾಲಿನಿಂದ ವಯೊಲೆಟ್ ಹೂವಿನ ಪರಿಮಳವನ್ನು ಪಡೆದರು. ಕೃತಕವಾದುದೆಲ್ಲ ವಿಷವಲ್ಲ, ಸಹಜವಾದುದೆಲ್ಲ ಅಮೃತವೂ ಅಲ್ಲ. ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಅದರ ಪರಿಮಳದಲ್ಲಿ ಇಂಡೋಲ್ ಎಂಬ ದ್ರವ್ಯ ಕಿಂಚಿತ್ತು ಉಂಟು. ಅದೇ ಹೆಚ್ಚಾದರೆ ಮಲದ ದುರ್ಗಂಧ. ಅಷ್ಟಿಷ್ಟು ಅದು ಇರುವುದರಿಂದಲೇ ನಿಜವಾದ ಮಲ್ಲಿಗೆಗೆ ಮೈದುಂಬಿದ ಘಮ. ಅಗ್ಗದ ಮಲ್ಲಿಗೆಯ ಅತ್ತರಿನಲ್ಲಿ ಅದಿಲ್ಲದೆ ಬರಿಯ ಸಿಹಿ. ಹೂವನ್ನು ಗಿಡದಲ್ಲಿರುವಾಗಲೇ ಗಾಜಿನ ಗುಂಬದಿಂದ ಮುಚ್ಚಿ, ಸುತ್ತಣ ಗಾಳಿಯನ್ನು ಹೀರಿ, ಅದರಲ್ಲಿ ಏನೇನಿದೆಯೆಂದು ಯಂತ್ರದಿಂದ ಬಿಡಿಸಿ ನೋಡುವ ವಿದ್ಯೆಯೂ ಈಗ ಬಂದಿದೆ.

ದವನ ನಮ್ಮದೇ ಸಂಪತ್ತು. ಬೇರೆ ದೇಶಗಳಲ್ಲಿ ಇದರ ಬೆಳೆ ವಿರಳ. ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಿ ಬೆಳೆದು, ಹಬೆಯಿಂದ ಎಣ್ಣೆ ತೆಗೆದು, ವಿದೇಶಗಳಿಗೆ ಕಳಿಸುತ್ತಾರೆ. ಹುಣ್ಣಿವೆಗೆ ನಾವು ದೇವರಿಗೆ ಏರಿಸುವ ಆ ಬೂದುಬಣ್ಣದ ಸೊಪ್ಪು ದೂರದ ದೇಶದಲ್ಲಿ ಸೀಸೆಯ ಸೇರಿ ಬೇರೆ ಹೆಸರಿನಿಂದ ಮರಳಿ ಬರಲೂ ಸಾಕು.

ಗಂಧಶಾಸ್ತ್ರ ನಮ್ಮವರಿಗೆ ಹೊಸದೆಂದು ತಿಳಿಯಬಾರದು. ೧೦೨೫ರಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ನೀರಿನ ಸೆಲೆ, ಗಿಡಮರಗಳ ಚಿಕಿತ್ಸೆ, ಅಡುಗೆಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಯೂ ಒಂದು ವಿಷಯ. ನೂರು ವರ್ಷಗಳ ತರುವಾಯ ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಲೇಪನ, ಧೂಪಗಳು ರಾಜನ ಭೋಗಗಳಲ್ಲಿ ಸೇರಿವೆ. ನಮ್ಮೂರಿನ ಶಂಭುಲಿಂಗ ದೇವಾಲಯವೂ ಆ ಕಲ್ಯಾಣ ಚಾಲುಕ್ಯರ ಶೈಲಿಯದೇ. ಮದುವೆಯ ಮೊದಲು ವೀರಭದ್ರನ ಗುಗ್ಗಳ ತೆಗೆಯುವ ಮನೆತನಗಳು ಇಂದಿಗೂ ಉಂಟು. ಆ ಹೆಸರಿಗೆ ಕಾರಣವಾದ ಗುಗ್ಗುಳದ ಗಿಡ, ಅಂಟಿನ ಆಸೆಗೆ ಕೊಚ್ಚಿ ಕೊಚ್ಚಿ, ಈಗ ಅಳಿವಿನಂಚಿನಲ್ಲಿದೆ. ಗುಗ್ಗಳದ ಗಡಿಗೆಯಲ್ಲಿ ಈಗ ಉರಿಯುವುದೇನೆಂದು ಹಿರಿಯರು ಒಮ್ಮೆ ವಿಚಾರಿಸಿದರೆ ಒಳ್ಳೆಯದು.

ಇರಲಿ, ಮನೆಯ ಪ್ರಶ್ನೆಗೆ ಬರೋಣ. ಊದಿನಕಡ್ಡಿಯೆಂದರೆ ಬಿದಿರಿನ ಕಡ್ಡಿ, ಇದ್ದಿಲಪುಡಿ, ಕಟ್ಟಿಗೆಯ ಹುಡಿ, ಜಿಗಟು ತೊಗಟೆಯ ಪುಡಿ. ಹೀಗೆ ಹೊಸೆದ ಕಡ್ಡಿಯನ್ನು ಸುಗಂಧದಲ್ಲಿ ಅದ್ದಿ ಒಣಗಿಸುತ್ತಾರೆ. ಹಿಂದಿನ ಮಸಾಲೆ ಬತ್ತಿಯಲ್ಲಿ ಹಾಲಮಡ್ಡಿ ಮುಂತಾದವನ್ನು ಹಿಟ್ಟಿನಲ್ಲಿಯೇ ನಾದುತ್ತಿದ್ದರು. ಯಾವುದಾದರೂ ಅದು ಉರಿಯುವುದಿಲ್ಲ, ಕಮರುತ್ತದೆ, ಕಮರಿದ್ದರಿಂದಲೇ ಹೊಗೆ. ಆ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕಿಳಿಯುವ ನುಣ್ಣನೆಯ ಕಣಗಳಿರುತ್ತವೆ. ಸಿಂಗಾಪುರದಲ್ಲಿ ಅರವತ್ತೊಂದು ಸಾವಿರಕ್ಕೂ ಹೆಚ್ಚು ಚೀನೀ ಮೂಲದ ಜನರನ್ನು ವರ್ಷಗಟ್ಟಲೆ ಗಮನಿಸಿ ೨೦೦೮ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದೀರ್ಘಕಾಲ ಧೂಪದ ಹೊಗೆಯಲ್ಲಿದ್ದವರಿಗೆ ಶ್ವಾಸನಾಳದ ಕೆಲವು ಬಗೆಯ ಕ್ಯಾನ್ಸರ್ ಹೆಚ್ಚೆಂದು ಕಂಡುಬಂದಿದೆ. ಇದನ್ನು ಓದಿದ ದಿನ ಸಂಜೆಯ ಪೂಜೆಗೆ ಕುಳಿತಾಗ ಕಡ್ಡಿಯ ಕಟ್ಟಿಗೆ ಕೈ ಹೋಗಲಿಲ್ಲ.

ಮೇಣಬತ್ತಿ ಇದಕ್ಕಿಂತ ಎಷ್ಟೋ ವಾಸಿ. ಮಗಳ ಮಾತಿನಲ್ಲಿ ಸತ್ಯವುಂಟು. ಆದರೂ ಪೂರ್ತಿ ನಿರಪಾಯವಲ್ಲ. ಬತ್ತಿ ಉದ್ದವಾದರೆ ಮಸಿ ಏಳುತ್ತದೆ. ಪ್ರತಿ ಸಲ ಕಾಲು ಅಂಗುಲದಷ್ಟಕ್ಕೆ ಕತ್ತರಿಸಬೇಕು, ಗಾಳಿಯ ಸೆಳೆತದಲ್ಲಿ ಇಡಬಾರದು. ಉಬ್ಬಸದವರಿಗೆ ಹೊಗೆಯಿಲ್ಲದ ಸುಗಂಧವೂ, ಸಹಜತೈಲದ್ದೇ ಆದರೂ, ಕೆಲವೊಮ್ಮೆ ಕೆರಳಿಸುವುದುಂಟು. ನಮ್ಮ ಮನೆಯವರಿಗೆ ಹಾಗೆಯೇ ಆಯಿತು. ಹಚ್ಚಿ ಕಾಲು ಗಂಟೆಯಾಗುವಷ್ಟರಲ್ಲಿ ಕೆಮ್ಮು ಬಂದಿತು. ಮಗಳ ಮುಖ ಸಪ್ಪಗಾಯಿತು.

ಅಂದು ರಾತ್ರಿ ನಾವು ಮಠದಲ್ಲಿ ಕಲಿತುದನ್ನೇ ಮತ್ತೆ ನೆನೆದೆವು. ಅಷ್ಟವಿಧಾರ್ಚನೆಯಲ್ಲಿ ಗಂಧ ಬೇರೆ, ಧೂಪ ಬೇರೆ. ಷಟ್‌ಸ್ಥಲದ ಕ್ರಮದಲ್ಲಿ ಭಕ್ತಸ್ಥಲಕ್ಕೆ ಆಚಾರಲಿಂಗ, ಅದರ ಅಂಗ ಪೃಥ್ವಿ, ಇಂದ್ರಿಯ ಘ್ರಾಣ, ಅರ್ಪಿಸುವ ಪದಾರ್ಥ ಗಂಧ. ಸಾಧನೆಯ ಮೊದಲ ಮೆಟ್ಟಿಲೇ ಮೂಗು! ಅರ್ಪಿಸಬೇಕಾದುದು ಗಂಧ, ಹೊಗೆ ಅದನ್ನು ಹೊತ್ತು ತರುವ ಒಂದು ಸಾಧನ ಮಾತ್ರ. ಜೊತೆಯಲ್ಲಿ ವಾಸಿಸುವ ಜೀವದ ಉಸಿರನ್ನು ಕಟ್ಟಿಸಿ ಮಾಡುವ ಅರ್ಪಣೆಯನ್ನು ಆಚಾರಲಿಂಗಕ್ಕೆ ಸಲ್ಲಿಸುವುದಾದರೂ ಹೇಗೆ? ನಮ್ಮ ಸಹಪಾಠಿಗಳಾದ ಒಬ್ಬ ಶಾಸ್ತ್ರಿಗಳು ಇದನ್ನು ಒಪ್ಪಲಿಲ್ಲ. ಧೂಪ ಬಿಟ್ಟರೆ ಅರ್ಚನೆ ಎಂಟರಲ್ಲಿ ಏಳಾಗುತ್ತದೆ ಎಂದರು. ಆಗಲಿ ಎಂದೆವು. ಅವರಿಗೂ ನಮಗೂ ಈ ವಾದ ಇನ್ನೂ ಮುಗಿದಿಲ್ಲ.

ಈಗ ನಮ್ಮ ಮನೆಯಲ್ಲಿ ಬೆಳಗಿನ ಪೂಜೆಗೆ ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ತೇಯುತ್ತೇವೆ. ಅಜ್ಜನವರ ಕಾಲದ ಕೊರಡು, ಹೆಬ್ಬೆರಳಿನಷ್ಟು ಉಳಿದಿದೆ. ಪತ್ರಿಯ ಜೊತೆಗೆ ದೊರೆತಾಗ ಮರುಗವನ್ನೋ ದವನವನ್ನೋ ಏರಿಸುತ್ತೇವೆ. ದೇವರ ಕೋಣೆಯ ಗೋಡೆಗೆ ಒಂದು ಕಿಟಕಿ ಇಡಿಸಿದ್ದಾಗಿದೆ. ಪರಊರಿನ ಅತಿಥಿಗಳು ಪೂಜೆಗೆ ಬಂದು ಕಡ್ಡಿ ತಂದರೆ ಅಂಗಳದ ತುಳಸಿಕಟ್ಟೆಯ ಬಳಿ ಒಂದನ್ನು ಹಚ್ಚಿಡುತ್ತೇವೆ.

ಆ ಬಟ್ಟಲು ಮುಚ್ಚಿಟ್ಟಂತೆಯೇ ಇತ್ತು. ರೋಹಿಣಿ ಮಳೆಯ ಮೊದಲ ಹನಿ ಬಿದ್ದ ಸಂಜೆ ನಮ್ಮ ಧರ್ಮಪತ್ನಿ ಅದನ್ನು ಹುಡುಕಿ ತಂದು, ಹಚ್ಚದೆ, ಕಟ್ಟೆಯ ಮೇಲೆ ಕುಳಿತು ಮುಚ್ಚಳ ತೆಗೆದರು. ಒಮ್ಮೆ ಬಟ್ಟಲನ್ನು ಮೂಸಿದರು, ಒಮ್ಮೆ ಅಂಗಳದ ಕಡೆಗೆ ಮುಖ ಮಾಡಿದರು.

“ಮಣ್ಣಂತೂ ಹೌದ್ರಿ” ಎಂದರು. “ಆದರ ಇದು ನಮ್ಮ ಎರಿ ಹೊಲದ್ದಲ್ಲ. ಇದರಾಗ ಜ್ವಾಳದ ಕೂಳಿ ಇಲ್ಲ, ಸಗಣಿ ಇಲ್ಲ. ಯಾರದೋ ತ್ವಾಟದ್ದು.”

ಮಗಳಿಗೆ ಫೋನು ಮಾಡಿ ಅದನ್ನೇ ಹೇಳಿದರು. ಮುಂದಿನ ಸಲ ಬರುವಾಗ ಲಾವಂಚದ ಬೇರು ದೊರೆತರೆ ತರಲು ತಿಳಿಸಿದರು; ನೀರಿನ ಹರವಿಗೆ ಹಾಕಲು.